ಫಿಲ್ಟರಿಗೆ ತಂದ ಬಿಳಿ ಉಣ್ಣೆ

ಆಗ ನನಗೆ ಅರವತ್ತಾರು. ನಾಲ್ಕು ವರ್ಷದ ಹಿಂದಿನ ಮಾತು. ಸಾಂಗ್ಲಿಯ ವಿಶ್ರಾಮಬಾಗದ ಒಂದು ಮನೆಯಲ್ಲಿ ಹಗಲಿನ ಆಯಾ ಆಗಿದ್ದೆ. ಮಾಲಗಾಂವದಿಂದ ಬಸ್ಸು ಹಿಡಿದು ಬೆಳಿಗ್ಗೆ ಎಂಟಕ್ಕೆ ಹೋಗುವುದು, ಸಂಜೆ ಆರಕ್ಕೆ ಹೊರಡುವುದು.

ನಾನು ನೋಡಿಕೊಳ್ಳಬೇಕಾದವರು ಎಪ್ಪತ್ತು ದಾಟಿದ ಅರಿಷಿಣದ ವ್ಯಾಪಾರಿ. ಗಂಟಲಿಗೆ ಗಡ್ಡೆಯಾಗಿ ಮಿರಜದ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಉಸಿರಾಟ ಕುತ್ತಿಗೆಯ ಮುಂದಿನ ತೂತಿನಿಂದ. ಆ ತೂತಿನ ಸುತ್ತ ಒರೆಸುವುದು, ಕಫ ತೆಗೆಯುವುದು, ಮೇಲೆ ತೆಳುವಾದ ಬಟ್ಟೆ ಕಟ್ಟುವುದು, ಸ್ನಾನದಲ್ಲಿ ಒಂದು ಹನಿ ನೀರೂ ಒಳಗೆ ಹೋಗದಂತೆ ನೋಡುವುದು ನನ್ನ ಕೆಲಸ. ಇಂಥ ಕೆಲಸ ನನಗೆ ಹೊಸದಲ್ಲ.

ಹೊಸದು ಬೇರೆ ಇತ್ತು. ಅವರು ಮಾತನಾಡುವುದು ಪಾಟಿಯ ಮೇಲೆ, ಸ್ಲೇಟಿನಲ್ಲಿ ಬರೆದು. ಅವರ ಮನೆಮಾತು ಕನ್ನಡ, ನನ್ನದೂ ಕನ್ನಡ. ಆದರೆ ಅವರು ಕಲಿತದ್ದು ಮರಾಠಿ ಶಾಲೆಯಲ್ಲಿ, ಜನ್ಮವೆಲ್ಲ ಬರೆದದ್ದು ಮರಾಠಿಯಲ್ಲಿ. ಕನ್ನಡದ ಒಂದು ಅಕ್ಷರ ಬಾರದು. ನಾನು ಜತ್ತದ ಕಡೆಯ ಕುರಿಗಾರರ ಮಗಳು, ಕನ್ನಡ ಶಾಲೆಗೆ ಮೂರನೆಯ ಇಯತ್ತೆಯವರೆಗೆ ಹೋದವಳು. ಮರಾಠಿ ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ನೋಡಿ. ಅವರಿಗೆ ಬಾಯಿ ಇದ್ದಿದ್ದರೆ ನಮ್ಮಿಬ್ಬರಿಗೆ ಯಾವ ತೊಂದರೆಯೂ ಇರಲಿಲ್ಲ. ಈಗ ಅವರು ಬರೆದದ್ದನ್ನು ನಾನು ಒಂದೊಂದೇ ಅಕ್ಷರ ಕೂಡಿಸಿ, ಮರಾಠಿಯಲ್ಲಿ ಓದಿ, ಕನ್ನಡದಲ್ಲಿ ಬಾಯಿಬಿಟ್ಟು ಕೇಳುತ್ತಿದ್ದೆ. ಹೌದಾದರೆ ತಲೆ ಆಡಿಸುವರು. ತಪ್ಪಾದರೆ ಪಾಟಿ ಒರೆಸುವರು.

ಅವರ ಕೋಣೆಯಲ್ಲಿ ನಾಲ್ಕು ಫೂಟಿನ ಮೀನಿನ ಟಾಕಿ ಇತ್ತು. ಅದರಲ್ಲಿ ಮೀನಿಗಿಂತ ಗಿಡ ಹೆಚ್ಚು. ಕೆಳಗೆ ಹುಲ್ಲು, ಹಿಂದೆ ಕೆಂಪೆಲೆ, ನಡುವೆ ಕಟ್ಟಿಗೆಗೆ ಹತ್ತಿದ ಪಾಚಿ. ಪಕ್ಕದಲ್ಲಿ ಒಂದು ಗ್ಯಾಸ್ ಸಿಲಿಂಡರು. ಮೊದಲ ದಿನ ನಾನು ಅದನ್ನು ಒಲೆಯ ಗ್ಯಾಸು ಎಂದುಕೊಂಡು, ‘ರೋಗಿ ಮಲಗೂ ಖೋಲ್ಯಾಗ ಇದನ್ನ ಯಾಕ ಇಟ್ಟೀರಿ?’ ಎಂದು ಸೊಸೆಯನ್ನು ಕೇಳಿದೆ.

‘ಅದು ಉರಿಯೂ ಗ್ಯಾಸ್ ಅಲ್ಲ ಮಾವಶಿ. ಗಿಡಕ್ಕ ಊಟ ಅಂತ. ಮನಷ್ಯಾರಿಗೆ ಊಟ ಹೋಗವಲ್ದು, ಗಿಡಕ್ಕ ಊಟ ನಡದದ.’

ನೆಲದೊಳಗಿನ ಹಗೇವಿನಲ್ಲಿ ಜೋಳ ತುಂಬಿ ಮುಚ್ಚಿಟ್ಟಾಗ ಅಡಿಯಲ್ಲಿ ಒಂದು ಗಾಳಿ ಕೂಡುತ್ತದೆ. ಕಂದೀಲು ಇಳಿಬಿಟ್ಟರೆ ಆರುತ್ತದೆ, ಮನುಷ್ಯ ಇಳಿದರೆ ಸಾಯುತ್ತಾನೆ. ಅದೇ ಗಾಳಿ ಇದು ಎಂದು ಆಮೇಲೆ ತಿಳಿಯಿತು. ಗಿಡಕ್ಕೆ ಅದು ಬೇಕು. ಮೀನಿಗೆ ಹೆಚ್ಚಾದರೆ ಸಾವು. ಬೆಳಿಗ್ಗೆ ಒಂಬತ್ತಕ್ಕೆ ಲೈಟು ಹಾಕಿ ಗ್ಯಾಸಿನ ಚಾವಿ ತಿರುವುವುದು, ಸಂಜೆ ಐದಕ್ಕೆ ಎರಡನ್ನೂ ಬಂದ್ ಮಾಡುವುದು ನನ್ನ ಪಾಲಿಗೆ ಬಂತು. ಗ್ಯಾಸು ತೆಳುವಾದ ನಳಿಗೆಯಲ್ಲಿ ಹೋಗಿ ಒಂದು ಬಿಲ್ಲೆಯ ಮೂಲಕ ಹಿಟ್ಟಿನಂಥ ಗುಳ್ಳೆಯಾಗಿ ನೀರಿಗೆ ಇಳಿಯುತ್ತಿತ್ತು. ಗಾಜಿಗೆ ಅಂಟಿಸಿದ ಚಿಕ್ಕ ಬುಡ್ಡಿಯಲ್ಲಿ ಒಂದು ರಸ ಇತ್ತು. ನೀಲಿ ಇದ್ದರೆ ಗ್ಯಾಸು ಕಡಿಮೆ, ಹಸಿರು ಇದ್ದರೆ ಸರಿ, ಹಳದಿಯಾದರೆ ಹೆಚ್ಚು. ಇದಕ್ಕೆ ಓದು ಬೇಕಿರಲಿಲ್ಲ.

ಸೊಸೆ ಕಾಲೇಜಿನಲ್ಲಿ ಕಲಿಸುತ್ತಿದ್ದಳು. ಕೆಟ್ಟವಳಲ್ಲ. ಕುತ್ತಿಗೆಯ ತೂತಿನ ಹತ್ತಿರ ಹಸಿ, ಬೂಸ್ಟು ಇರಬಾರದು ಎಂದು ಡಾಕ್ಟರು ಹೇಳಿದ್ದು ಅವಳ ತಲೆಯಲ್ಲಿ ಕೂತಿತ್ತು. ಮಾವನ ಎದುರೇ ಹೇಳಿದ್ದಳು: ‘ಮಾಮಾ, ಒಮ್ಮೆ ಏನರ ಹೆಚ್ಚುಕಮ್ಮಿ ಆತು ಅಂದ್ರ ಟಾಕಿ ಮನಿಯಿಂದ ಹೊರಗ. ಆಮ್ಯಾಗ ನನಗ ಪಾಟಿ ತೋರಸಬ್ಯಾಡ್ರಿ.’

ಅವರಿಗೆ ಉಳಿದ ಕೆಲಸ ಅದೊಂದೇ. ಆಪರೇಶನ್ ಆದ ಮೇಲೆ ಒಂದು ಸಲ ಸಾಂಗ್ಲಿಯ ಮಾರ್ಕೆಟ್‌ ಯಾರ್ಡಿಗೆ ಹೋಗಿದ್ದರಂತೆ. ದರ ಕೂಗುವ ಅರಿಷಿಣದ ಲಿಲಾವಿನಲ್ಲಿ ಪಾಟಿ ಹಿಡಿದವನು ಬರೆದು ಮುಗಿಸುವತನಕ ಯಾರು ಕಾಯುತ್ತಾರೆ? ಮತ್ತೆ ಹೋಗಲಿಲ್ಲ. ಅಂಗಡಿ ಮಗನ ಕೈಗೆ ಹೋಯಿತು. ಇವರು ಟಾಕಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತರು.

ಟಾಕಿಗೆ ಆಗ ಮೇಲಿನ ಫಿಲ್ಟರು ಇತ್ತು. ಮೋಟಾರು ನೀರನ್ನು ಮೇಲಿನ ಪೆಟ್ಟಿಗೆಗೆ ಎತ್ತಿ, ಸ್ಪಂಜು ಮತ್ತು ಮಣ್ಣಿನ ಉಂಗುರಗಳ ಮೇಲಿಂದ ಹರಿಸಿ, ನಳದ ಹಾಗೆ ಕೆಳಗೆ ಸುರಿಯುತ್ತಿತ್ತು. ದಿನವಿಡೀ ಮೋರಿಯ ಸದ್ದು. ಹಾಗೆ ಸುರಿದಾಗ ಗ್ಯಾಸು ನೀರಿನಿಂದ ಹಾರಿಹೋಗುತ್ತದೆ. ಬುಡ್ಡಿ ಯಾವಾಗಲೂ ನೀಲಿ. ಗ್ಯಾಸು ಹೆಚ್ಚು ಬಿಟ್ಟರೆ ಸಿಲಿಂಡರು ಬೇಗ ಖಾಲಿ, ಬಿಡದಿದ್ದರೆ ಎಲೆಯಂಚಿಗೆ ಕಪ್ಪು ಕೂದಲಿನಂಥ ಪಾಚಿ. ಹಲ್ಲುಜ್ಜುವ ಬ್ರಶ್ಶಿನಿಂದ ನಾನು ತಿಕ್ಕಿದೆ, ಎಲೆ ಹರಿಯಿತು, ಪಾಚಿ ಹೋಗಲಿಲ್ಲ.

ಅವರು ಮೀನಿನ ಅಂಗಡಿಯವನನ್ನು ಕರೆಸಿದರು. ನಲವತ್ತರ ಗಂಡಸು, ಕನ್ನಡ ತಿಳಿಯುತ್ತದೆ, ಆಡಲು ಹೋದರೆ ಮುರಿಯುತ್ತದೆ.

‘ಕಾಕಾ, ಸ್ಪಂಜ್ ಫಿಲ್ಟರ್ ಹಾಕೂಣ. ಗಾಳಿ ಪಂಪ್ ಕೂಡಸ್ತೇನಿ. ಟೆನ್ಶನ್ ಇಲ್ಲ.’

ಅವರು ಬರೆದರು: ‘ಬುಡಬುಡೇ ಗ್ಯಾಸ್ ನೇತಾತ್.’ ಗುಳ್ಳೆಗಳು ಗ್ಯಾಸನ್ನು ಒಯ್ಯುತ್ತವೆ ಅಂತ.

‘ಮತ್ತ ಗಾಜಿನ ಅಂಚಿಗೆ ತೂಗ ಹಾಕೂ ಫಿಲ್ಟರ್ ಅದ.’

ಅದೂ ಮೇಲಿಂದ ಸುರಿಯುತ್ತದೆ. ಪಾಟಿ ಒರೆಸಿ ದೊಡ್ಡದಾಗಿ ‘ನಾಹೀ’ ಎಂದು ಬರೆದರು.

‘ಹಂಗಾರ ಡಬ್ಬಿ ಫಿಲ್ಟರ್ ಒಂದs ಉಳೀತು ಕಾಕಾ. ಆದರ ಅದನ್ನ ಸುರು ಮಾಡೂದು ನಿಮಗ ಆಗೂದಿಲ್ಲ. ಪೈಪಿನಿಂದ ನೀರ ಬಾಯಿಲೆ ಎಳೀಬೇಕು.’

ನಾನು ನಡುವೆ ಬಾಯಿ ಹಾಕಿದೆ. ‘ಬಾಯಿ ನಂದೈತಲ್ಲ. ಎಳದ್ರ ಆತು.’

ಡಬ್ಬಿ ಫಿಲ್ಟರ್ ಎಂದರೆ ಮುಚ್ಚಿದ ಗಡಿಗೆಯಂಥದ್ದು. ಟಾಕಿಯ ಕೆಳಗಿನ ಕಪಾಟಿನಲ್ಲಿ ಕೂರುತ್ತದೆ. ಒಂದು ಪೈಪು ನೀರು ತರುತ್ತದೆ, ನೀರು ತಳದಿಂದ ಮೇಲೆ ಏರುತ್ತ ಬುಟ್ಟಿಗಳನ್ನು ದಾಟುತ್ತದೆ, ಮುಚ್ಚಳದ ಮೋಟಾರು ಅದನ್ನು ಇನ್ನೊಂದು ಪೈಪಿನಿಂದ ವಾಪಸು ದಬ್ಬುತ್ತದೆ. ಎಲ್ಲೂ ಹೊರಗಿನ ಗಾಳಿ ತಾಗುವುದಿಲ್ಲ, ಗ್ಯಾಸು ನೀರಿನಲ್ಲೇ ಉಳಿಯುತ್ತದೆ. ಅಂಗಡಿಯವ ಒಮ್ಮೆ ಬಳಸಿದ್ದ ಒಂದು ಡಬ್ಬಿ ತಂದುಕೊಟ್ಟ. ಬುಟ್ಟಿಗಳು ಖಾಲಿ ಇದ್ದವು.

ಅದನ್ನು ಇದ್ದ ಹಾಗೆ ಕೂಡಿಸಲು ಅವರು ಒಪ್ಪಲಿಲ್ಲ. ನೀರು ಹೊರಬರುವ ಮೂತಿ ಬಾತುಕೋಳಿಯ ಕೊಕ್ಕಿನಂತಿತ್ತು. ಅದರ ಹೊಡೆತಕ್ಕೆ ಗಿಡ ಬೇರು ಸಮೇತ ಏಳುವಂತಿತ್ತು. ಅದನ್ನು ತೆಗೆದು ತೆಳುವಾದ ಪ್ಲಾಸ್ಟಿಕ್ ಪೈಪು ಕೂಡಿಸಿ, ಕೊನೆ ಮುಚ್ಚಿ, ಉದ್ದಕ್ಕೂ ತೂತು ಹಾಕಬೇಕು ಎಂದು ಚಿತ್ರ ಬರೆದು ತೋರಿಸಿದರು. ಕಂಬಳಿ ಹೊಲಿಯುವ ದಬ್ಬಣ ತಂದು, ಒಲೆಯ ಮೇಲೆ ಕೆಂಪಗೆ ಕಾಯಿಸಿ ಹದಿನೆಂಟು ತೂತು ಹಾಕಿದೆ. ಮೊದಲಿನ ಪೈಪು ಸುಟ್ಟು ಸೊಟ್ಟಗಾಯಿತು. ಎರಡನೆಯದು ಸರಿಯಾಯಿತು. ನೀರಿನ ಮಟ್ಟಕ್ಕಿಂತ ಎರಡು ಬೆರಳು ಕೆಳಗೆ ಅದನ್ನು ಕಟ್ಟಿದೆ. ತೂತುಗಳ ಮುಖ ಎದುರಿನ ಗಾಜಿಗೆ. ಒಂದು ತುದಿ ಮಾತ್ರ ಸ್ವಲ್ಪ ಮೇಲೆ, ಅಲ್ಲಿ ನೀರು ತುಸು ನಡುಗಬೇಕು. ಪೂರ್ತಿ ನಿಂತರೆ ಮೀನು ಉಳಿಯುವುದಿಲ್ಲ, ಕುದಿದರೆ ಗ್ಯಾಸು ಉಳಿಯುವುದಿಲ್ಲ. ಒಂದು ತುಳಸಿ ಎಲೆ ತೇಲಿಬಿಟ್ಟು ಅದು ಎಲ್ಲಿ ನಿಲ್ಲುತ್ತದೆ ಎಂದು ನೋಡಿ ನೋಡಿ ಪೈಪು ತಿರುವಿದೆವು. ನೀರು ಹೀರುವ ಬಾಯಿಗೆ ಮರಿಗಳು ಒಳಗೆ ಹೋಗದಂತೆ ಸ್ಪಂಜಿನ ಟೊಪ್ಪಿಗೆ ಹಾಕಿದೆ.

ಸುರು ಮಾಡುವ ದಿನ, ನಾನು ಬಚ್ಚಲ ಮೋರಿಯಲ್ಲಿ ಕೈ ತೊಳೆದು ಬರುವಷ್ಟರಲ್ಲಿ ಅವರು ಪೈಪನ್ನು ತಾವೇ ಬಾಯಿಗೆ ಹಿಡಿದಿದ್ದರು. ಕೆನ್ನೆ ಒಳಗೆ ಹೋಯಿತು, ನೀರು ಏರಲಿಲ್ಲ. ಅವರ ಬಾಯಿಗೂ ಎದೆಗೂ ದಾರಿ ಇರಲಿಲ್ಲವಲ್ಲ. ಕುತ್ತಿಗೆಯ ಬಟ್ಟೆ ಮಾತ್ರ ಒಳಗೆ ಹೊರಗೆ ಆಡಿತು. ಪೈಪು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ನೋಡಿದರು. ನಾನು ಎಳೆದೆ. ಒಂದು ಗುಟುಕು ಹೊಟ್ಟೆಗೂ ಹೋಯಿತು, ಹೊಳೆಯ ಕೆಸರಿನ ರುಚಿ.

ಇನ್ನು ಬುಟ್ಟಿಗೆ ತುಂಬುವ ಸಾಮಾನು. ಇದನ್ನು ಅವರು ಸುರು ಮಾಡುವುದಕ್ಕೆ ಒಂದು ವಾರ ಮೊದಲೇ ಬರೆದಿದ್ದರು, ನಾನೂ ಮೊದಲೇ ತುಂಬಿಟ್ಟಿದ್ದೆ. ತಳದಲ್ಲಿ ಸ್ಪಂಜು. ಅದರ ಮೇಲೆ ಹಳೆಯ ಫಿಲ್ಟರಿನ ಮಣ್ಣಿನ ಉಂಗುರ, ನಳದ ನೀರು ತಾಗಿಸದೆ ಒದ್ದೆ ಇದ್ದ ಹಾಗೇ ಹಾಕಬೇಕು. ಹೊಲಸನ್ನು ಅರಗಿಸುವ ಜೀವ ಅದರಲ್ಲಿರುತ್ತದೆ, ನಳದ ನೀರಿನ ಔಷಧಿಗೆ ಸಾಯುತ್ತದೆ. ಎಲ್ಲಕ್ಕಿಂತ ಮೇಲೆ, ಸಣ್ಣ ಧೂಳು ಹಿಡಿಯಲು, ‘ಪಾಂಢರೀ ಲೋಕರ’. ನಾನು ಅಕ್ಷರ ಕೂಡಿಸಿದೆ. ಲೋಕರ ಎಂದರೆ ಉಣ್ಣೆ.

‘ಬಿಳಿ ಉಣ್ಣಿ ಏನ್ರಿ ಸಾವಕಾರ್ರ?’

ತಲೆ ಆಡಿಸಿದರು.

‘ನಾ ತರ್ತೇನಿ. ನನಗ ಗೊತ್ತೈತಿ.’

ಮತ್ತೆ ತಲೆ ಆಡಿಸಿದರು. ವಿಶ್ರಾಮಬಾಗದ ಮೀನಿನ ಅಂಗಡಿಯಿಂದ ತರುತ್ತಾಳೆ ಎಂದುಕೊಂಡರು. ಅಲ್ಲಿ ಲೋಕರ ಎಂದು ಒಂದು ಪಾಕೀಟು ಸಿಗುತ್ತದೆ, ಪ್ಲಾಸ್ಟಿಕ್ಕಿನ ಹತ್ತಿ. ನನಗೆ ಅದು ಗೊತ್ತಿರಲಿಲ್ಲ. ನಮ್ಮಲ್ಲಿ ಉಣ್ಣೆ ಎಂದರೆ ಕುರಿಯದು. ಕುರಿಯ ಉಣ್ಣೆ ಎಂದು ಬಿಡಿಸಿ ಹೇಳುವವರೇ ಇಲ್ಲ. ಬೇರೆ ಯಾವುದಕ್ಕೆ ಉಣ್ಣೆ ಬರುತ್ತದೆ?

ನಮ್ಮ ಕಡೆಯ ಕುರಿ ಕರಿ. ಬಿಳಿ ಉಣ್ಣೆ ಸಿಗುವುದು ಕಷ್ಟ. ರವಿವಾರ ಬಸ್ಸು ಬದಲಿಸಿ ಊರಿಗೆ ಹೋದೆ. ತಮ್ಮನ ಹಿಂಡಿನಲ್ಲಿ ಬಿಳಿಹೊಟ್ಟೆಯವು ನಾಲ್ಕು ಇದ್ದವು.

‘ಏನವ್ವಾ, ಮುದಿವಯಸ್ಸಿನಾಗ ಬಿಳಿ ಕಂಬಳಿ ನೇಯಾಕಿ ಏನ?’ ಎಂದ ತಮ್ಮ.

‘ಮೀನಿಗೆ ಬೇಕಂತ.’

‘ಮೀನಿಗೆ ಥಂಡಿ ಹತ್ತೇತಿ?’

ಅವನ ಹೆಂಡತಿ ನಕ್ಕು ನಕ್ಕು ಕಟ್ಟೆ ಹಿಡಿದಳು. ನಾನು ಕತ್ತರಿಸಿಕೊಂಡು ಬಂದೆ. ಮೀನಿಗೆ ಸಾಬೂನು ವಿಷ ಎಂದು ಅವರು ಮೊದಲೇ ಬರೆದಿದ್ದರಿಂದ ಬರೀ ಬಿಸಿನೀರಿನಲ್ಲಿ ಮೂರು ಸಲ ತೊಳೆದೆ. ಸಾಬೂನಿಲ್ಲದೆ ಜಿಡ್ಡು ಪೂರ್ತಿ ಬಿಡುವುದಿಲ್ಲ ಎಂದು ಗೊತ್ತಿತ್ತು. ಫಿಲ್ಟರಿನ ಕೆಲಸವೇ ಹೊಲಸು ಹಿಡಿಯುವುದು, ಜಿಡ್ಡಿದ್ದರೆ ಇನ್ನೂ ಚೆನ್ನಾಗಿ ಹಿಡಿಯುತ್ತದೆ ಎಂದುಕೊಂಡೆ. ಹಿಂಜಿ, ಬುಟ್ಟಿಗೆ ಒತ್ತಿ ತುಂಬಿ, ದೂರದಿಂದ ಅವರಿಗೆ ತೋರಿಸಿ ಮುಚ್ಚಿದೆ. ಅವರು ಕುರ್ಚಿಯಲ್ಲೇ ಕುಳಿತು ನೋಡಿದರು. ಬಗ್ಗಿದರೆ ಕಫ ತೂತಿಗೆ ಬರುತ್ತಿತ್ತು.

ಮೊದಲ ದಿನಗಳು ಚೆನ್ನಾಗಿ ಹೋದವು. ಸದ್ದು ನಿಂತಿತು. ಬುಡ್ಡಿ ಹಸಿರಾಯಿತು. ಮಧ್ಯಾಹ್ನದ ಹೊತ್ತಿಗೆ ಎಲೆಗಳಿಂದ ಸಣ್ಣ ಗುಳ್ಳೆ ಸಾಲಾಗಿ ಏಳುತ್ತಿದ್ದವು. ಅವರು ಪಾಟಿಯ ಮೇಲೆ ‘ಬರೋಬರ’, ಸರಿಯಾಗಿದೆ ಎಂದು ಬರೆದು ಇಡೀ ದಿನ ಒರೆಸಲಿಲ್ಲ.

ಒಂದು ವಾರದ ಮೇಲೆ ನೀರಿನ ಮೇಲೆ ಒಂದು ಪದರು ಕಂಡಿತು. ಸಾರಿನ ಮೇಲಿನ ಎಣ್ಣೆಯ ಹಾಗೆ ಬಣ್ಣ ಬಣ್ಣ. ಕಾಗದ ಹಾಸಿ ಎತ್ತಿ ತೆಗೆದೆ, ಮರುದಿನ ಮತ್ತೆ ಬಂತು. ಪೈಪಿನ ತುದಿಯ ಹದಿನೆಂಟನೆಯ ತೂತಿನಲ್ಲಿ ನೀರು ಬರುವುದು ನಿಂತಿತು. ಆಮೇಲೆ ಹದಿನೇಳನೆಯದು. ತೂತಿನಲ್ಲಿ ಪಾಚಿ ಸಿಕ್ಕಿರಬೇಕೆಂದು ಸೂಜಿ ಹಾಕಿ ಚುಚ್ಚಿದೆ. ಡಬ್ಬಿ ಬಿಚ್ಚಿ ನೋಡೋಣ ಎಂದು ನನಗೂ ಹೊಳೆಯಲಿಲ್ಲ, ಅವರಿಗೂ ಇಲ್ಲ. ತಿಂಗಳಿಗೊಮ್ಮೆ ಬಿಚ್ಚಿದರೆ ಸಾಕು ಎಂದು ಅಂಗಡಿಯವ ಹೇಳಿದ್ದ.

ಹನ್ನೆರಡನೆಯ ದಿನ ಒಂಬತ್ತಕ್ಕೆ ಎಂದಿನಂತೆ ಗ್ಯಾಸು ಬಿಟ್ಟೆ. ಅವತ್ತು ಅವರಿಗೆ ಕಫ ಬಹಳ ಇತ್ತು. ಮಷೀನು ಹಚ್ಚಿ ತೆಗೆದೆ, ಸ್ನಾನ ಮಾಡಿಸಿದೆ, ಗಂಜಿ ಕೊಟ್ಟೆ. ಗಂಜಿ ಮುಗಿಯುವ ಹೊತ್ತಿಗೆ ಅವರು ಕಟೋರಿಯನ್ನು ದಬ್ಬಿ ಟಾಕಿಯ ಕಡೆ ಕೈ ಮಾಡಿದರು.

ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ನೀಲಿ ಗೀಟಿನ ಸಣ್ಣ ಮೀನು ನಲವತ್ತು ಇದ್ದವು. ಅರ್ಧದಷ್ಟು ಆಗಲೇ ಅಡ್ಡ ಬಿದ್ದಿದ್ದವು. ಬುಡ್ಡಿ ನಿಂಬೆಹಣ್ಣಿನ ಹಳದಿ. ನೀರು ಅಲುಗಾಡುತ್ತಲೇ ಇರಲಿಲ್ಲ, ಮೋಟಾರಿನ ಸದ್ದು ಮಾತ್ರ ಇತ್ತು. ಚಾವಿ ಬಂದ್ ಮಾಡಿದೆ. ಸೌಟಿನಿಂದ ನೀರು ಎತ್ತಿ ಎತ್ತಿ ಸುರಿದೆ, ಗ್ಯಾಸು ಹೋಗಲಿ ಎಂದು. ಕೈ ಸೋಲುವತನಕ ಸುರಿದೆ. ಆರು ಮೀನು ಉಳಿದವು.

ಎರಡು ಗಂಟೆಗೆ ಸೊಸೆ ಬಂದಳು. ನಾನು ಸತ್ತವನ್ನು ಚಹದ ಸೋಸಣಿಗೆಯಿಂದ ಎತ್ತಿ ತಾಟಿನಲ್ಲಿ ಹಾಕುತ್ತಿದ್ದೆ.

‘ಏನಾತು?’

ಅವರು ಬರೆದು ತೋರಿಸಿದರು: ‘ಮಾಝೀ ಚೂಕ. ಗ್ಯಾಸ್ ಜಾಸ್ತ.’ ನನ್ನ ತಪ್ಪು, ಗ್ಯಾಸು ಹೆಚ್ಚಾಯಿತು ಅಂತ.

ಸೊಸೆ ಚೀಲ ಕೆಳಗಿಟ್ಟಳು. ‘ಮಾಮಾ, ಇವತ್ತು ಮೀನ ಸತ್ತಾವ. ಆ ಸಿಲಿಂಡರ್ ನಿಮ್ಮ ಪಲಂಗದ ಮಗ್ಗಲಕs ಅದ. ನಾಳೆ ಗ್ಯಾಸ್ ಹೊರಗ ಬಂದ್ರ? ನಾ ಅಂಗಡಿಯಂವಗ ಫೋನ್ ಮಾಡ್ತೇನಿ. ಸಂಜಿಗೆ ಬಂದು ಎಲ್ಲಾ ಒಯ್ಲಿ.’

ಅವರು ಪಾಟಿಯನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡರು.

ಸಾಮಾನು ಒಯ್ಯಲು ಅನುಕೂಲವಾಗಲಿ ಎಂದು ಡಬ್ಬಿಯನ್ನು ಮೋರಿಗೆ ಒಯ್ದು ಬಿಚ್ಚಿದೆ. ಮುಚ್ಚಳ ತೆಗೆದ ಕೂಡಲೆ ಮಳೆಗೆ ನೆನೆದ ಕುರಿಹಟ್ಟಿಯ ವಾಸನೆ ಬಂತು. ಮೇಲಿನ ಬುಟ್ಟಿಯಲ್ಲಿ ಉಣ್ಣೆ ಇರಲಿಲ್ಲ, ಕಂಬಳಿ ಇತ್ತು. ಅಂಗೈ ದಪ್ಪ, ಬೆರಳು ತೂರದಷ್ಟು ಬಿಗಿ. ಮೇಲೆ ಕೈ ಜಾರುವ ಜಿಡ್ಡು.

ನೇಯ್ದ ಕಂಬಳಿಯನ್ನು ನೀರು ಹಾಕಿ ತುಳಿದು ತುಳಿದು ಎಳೆ ಕಾಣದಂತೆ ಮಾಡುವುದನ್ನು ನಾನು ಹತ್ತು ವರ್ಷದವಳಿದ್ದಾಗಿನಿಂದ ಮಾಡಿದ್ದೇನೆ. ಒದ್ದೆ ಉಣ್ಣೆಗೆ ಪೆಟ್ಟು ಬಿದ್ದಷ್ಟೂ ಅದು ಹೆಣೆದುಕೊಳ್ಳುತ್ತದೆ. ಡಬ್ಬಿಯೊಳಗೆ ಹನ್ನೆರಡು ದಿನ ನೀರು ಅದನ್ನು ತುಳಿದಿತ್ತು. ಸುರಿಮಳೆಯಲ್ಲಿ ಕುರಿ ಕಾಯುವವನು ಕಂಬಳಿ ಹೊದ್ದುಕೊಳ್ಳುವುದು ನೀರು ದಾಟಬಾರದು ಎಂದು. ಅದನ್ನೇ ತಂದು ನೀರಿನ ದಾರಿಗೆ ಅಡ್ಡ ಕಟ್ಟಿದ್ದೆ. ಹರಿವು ನಿಂತಿತು, ಜಿಡ್ಡು ಮೇಲೆ ಮುಚ್ಚಳವಾಯಿತು, ಗ್ಯಾಸು ಬರುತ್ತಲೇ ಇತ್ತು. ಹಗೇವಿನ ಲೆಕ್ಕ.

ಅದನ್ನು ಕಸದ ಬುಟ್ಟಿಗೆ ಹಾಕಿದರೆ ಮುಗಿಯುತ್ತಿತ್ತು. ತಪ್ಪನ್ನು ಅವರು ಆಗಲೇ ತಮ್ಮ ಮೇಲೆ ಹಾಕಿಕೊಂಡಿದ್ದರು. ನನಗೆ ಆ ಕೆಲಸ ಬೇಕಿತ್ತು. ಮೋರಿಯ ಕಟ್ಟೆಯ ಮೇಲೆ ಒಂದಿಷ್ಟು ಹೊತ್ತು ಕೂತೆ. ದೊಡ್ಡ ವಿಚಾರವೇನೂ ಮಾಡಲಿಲ್ಲ. ಆ ಮನುಷ್ಯನಿಗೆ ತನ್ನ ಪರವಾಗಿ ಹೇಳಿಕೊಳ್ಳಲು ಬಾಯಿಲ್ಲ, ನನಗೆ ಇದೆ. ಬಾಯಿ ಇಟ್ಟುಕೊಂಡು ಸುಮ್ಮನೆ ಕೂತರೆ ಹೊಲಸು ತಿಂದ ಹಾಗೆ ಅನ್ನಿಸಿತು. ಎದ್ದು, ಆ ಉಂಡೆಯನ್ನು ಬುಟ್ಟಿ ಸಮೇತ ಒಯ್ದು ಅವರ ಮುಂದಿಟ್ಟೆ.

‘ಸಾವಕಾರ್ರ, ಗ್ಯಾಸ್ ಹೆಚ್ಚ ಆಗಿಲ್ರಿ. ದಿನಾ ಬಿಟ್ಟಷ್ಟs ಬಿಟ್ಟೇನಿ. ನಾ ಕುರಿ ಉಣ್ಣಿ ತುಂಬೇನಿ. ನೋಡ್ರಿ, ಕಂಬಳಿ ಆಗೇತಿ.’

ಅವರು ಮುಟ್ಟಿದರು. ಮೂಸಲು ಹೋದರು. ಅವರಿಗೆ ವಾಸನೆಯೂ ಹೋಗಿತ್ತು, ಮರೆತಿದ್ದರು. ಆಮೇಲೆ ಹೆಗಲು ಅಲುಗಿತು, ಕುತ್ತಿಗೆಯ ಬಟ್ಟೆ ಪಟಪಟ ಹಾರಿತು. ಅಳುತ್ತಿದ್ದಾರೆ ಎಂದುಕೊಂಡೆ. ಮುಖ ನೋಡಿದರೆ ನಗುತ್ತಿದ್ದರು. ನಗೆ ಹೆಚ್ಚಾಗಿ ಕಫ ಸಿಡಿಯಿತು, ನಾನು ಒರೆಸಿದೆ.

ಸೊಸೆ ನಗಲಿಲ್ಲ. ‘ಮಾವಶಿ, ತಿಳೀದಿದ್ರ ಕೇಳಬೇಕಲ್ರಿ?’

‘ತಿಳದೈತಿ ಅಂತನs ಕೇಳಲಿಲ್ಲ ಬಾಯಾರ.’

‘ಇವತ್ತು ಲೋಕರ ಓದೂದ್ರಾಗ ತಪ್ಪಿದ್ರಿ, ಮೀನ ಹೋದ್ವು. ನಾಳೆ ಔಷಧಿ ಓದೂದ್ರಾಗ ತಪ್ಪಿದ್ರ?’

ಅವಳ ಮಾತು ಖರೆ ಇತ್ತು. ‘ನಾಳಿಂದ ಬರೂದಿಲ್ರಿ. ಆದರ ಟಾಕಿದು ತಪ್ಪಿಲ್ಲ. ಅದನ್ನ ಕಳಸಬ್ಯಾಡ್ರಿ’ ಎಂದೆ.

‘ಯಾರ ಮಾಡ್ತಾರ ಅದನ್ನ? ನನಗ ಬರೂದಿಲ್ಲ, ನನ್ನ ಗಂಡಗ ಹೊತ್ತಿಲ್ಲ. ಪೈಪ ಎಳ್ಯಾಕ ಮಾಮಾಗ ಬಾಯಿಲ್ಲ. ತಾವs ಸುರು ಮಾಡೂ ಹಂಗಿದ್ರ ಇಟ್ಕೊಳ್ಳಿ, ನಾ ಯಾಕ ಬ್ಯಾಡ ಅನ್ಲಿ?’

ಗಡಿಯಾರದಲ್ಲಿ ಮೂರೂವರೆ. ನನಗೆ ಆರರವರೆಗೆ ಹೊತ್ತಿತ್ತು.

ಆಪರೇಶನ್ ಆದ ಹೊಸದರಲ್ಲಿ ಅವರಿಗೆ ಮೂಗಿನ ನಳಿಗೆಯಿಂದ ಹಾಲು ಗಂಜಿ ಹಾಕುತ್ತಿದ್ದರು. ಅದರ ದೊಡ್ಡ ಪಿಚಕಾರಿ, ಸೂಜಿ ಇಲ್ಲದ್ದು, ಕಪಾಟಿನಲ್ಲಿ ಬಿದ್ದಿತ್ತು. ನೀರು ಹೊರಹೋಗುವ ಪೈಪನ್ನು ನಡುವೆ ಕತ್ತರಿಸಿ, ಅಂಗಡಿಯವ ಬಿಟ್ಟುಹೋಗಿದ್ದ ಮೂರು ಬಾಯಿಯ ಜೋಡಣೆ ಸಿಕ್ಕಿಸಿದೆ. ಮೂರನೆಯ ಬಾಯಿಗೆ ತೆಳು ನಳಿಗೆ, ನಳಿಗೆಗೆ ಒಂದು ಚಿಕ್ಕ ಚಾವಿ, ಚಾವಿಯ ತುದಿಗೆ ಪಿಚಕಾರಿ. ಪಿಚಕಾರಿ ಎಳೆದಾಗ ಡಬ್ಬಿಯೊಳಗಿನ ಗಾಳಿ ಬರಬೇಕು, ಅದರ ಹಿಂದೆ ಟಾಕಿಯ ನೀರು ಬರಬೇಕು. ಮೊದಲ ಸಲ ಬರಲಿಲ್ಲ. ಅದೇ ಪೈಪಿನಲ್ಲಿ ಟಾಕಿಯ ಕಡೆಗಿದ್ದ ದೊಡ್ಡ ಚಾವಿ ತೆರೆದೇ ಇತ್ತು, ಡಬ್ಬಿಯ ಗಾಳಿಯ ಬದಲು ತೂತಿನ ಪೈಪಿನ ನೀರೇ ಪಿಚಕಾರಿಗೆ ನುಗ್ಗುತ್ತಿತ್ತು. ಅದನ್ನು ಮುಚ್ಚಿದೆ. ಎರಡನೆಯ ಸಲ ಜೋಡಣೆಯಲ್ಲಿ ಸೋರಿತು, ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದೆ. ಮೂರನೆಯ ಸಲ ಏಳು ಎಳೆತಕ್ಕೆ ನೀರು ಗಾಜಿನ ಅಂಚು ದಾಟಿ ತಾನೇ ಇಳಿಯಿತು.

ಎಲ್ಲವನ್ನೂ ಖಾಲಿ ಮಾಡಿ ಅವರ ಕುರ್ಚಿಯ ಎತ್ತರಕ್ಕೆ ಪಿಚಕಾರಿ ಕಟ್ಟಿದೆ. ‘ಈಗ ನೀವ ಮಾಡ್ರಿ.’

ಅವರು ಎಳೆದರು, ಚಾವಿ ಮುಚ್ಚಿದರು, ಗಾಳಿ ಬಿಟ್ಟರು, ಮತ್ತೆ ಎಳೆದರು. ಒಂಬತ್ತು ಎಳೆತ ಹಿಡಿಯಿತು. ಡಬ್ಬಿ ಗಟಗಟ ಎಂದು ತುಂಬಿತು. ದೊಡ್ಡ ಚಾವಿ ತೆರೆದು ಮೋಟಾರು ಹಾಕಿದರು. ಹದಿನೆಂಟೂ ತೂತಿನಲ್ಲಿ ನೀರು ಬಂತು. ಸೊಸೆ ಬಾಗಿಲಲ್ಲಿ ನಿಂತು ನೋಡಿದಳು. ಅಂಗಡಿಯವನಿಗೆ ಫೋನು ಮಾಡಿ, ‘ಒಯ್ಯಾಕ ಬರಬ್ಯಾಡ, ಆ ಬಿಳೀದೇನದ ಅದರ ಪಾಕೀಟ ಕಳಸು’ ಎಂದಳು.

ಅವರು ಪಾಟಿ ತಿರುಗಿಸಿದರು. ‘ಪ್ಲಾಸ್ಟಿಕಚಾ ಕಾಪೂಸ’ ಎಂದು ಬರೆದು ನನ್ನ ಕಡೆ ಹಿಡಿದರು. ಪ್ಲಾಸ್ಟಿಕ್ಕಿನ ಹತ್ತಿ.

‘ಮದ್ಲs ಹಂಗ ಬರದಿದ್ರ ಆಗ್ತಿತ್ತಲ್ರಿ’ ಎಂದೆ.

ಒಪ್ಪಿ ತಲೆ ಆಡಿಸಿದರು. ಕುತ್ತಿಗೆಯ ಬಟ್ಟೆ ಬದಲಿಸಿ ಆರೂ ಹತ್ತಕ್ಕೆ ಹೊರಟೆ. ಬಸ್ಸು ತಪ್ಪಿತು, ಮುಂದಿನದಕ್ಕೆ ನಿಂತು ಹೋದೆ.

ಮರುದಿನ ಬೆಳಿಗ್ಗೆ ಮಿರಜಕ್ಕೆ ಹೋಗಿ ದೊಡ್ಡ ಆಸ್ಪತ್ರೆಯ ಗೇಟಿನ ಹತ್ತಿರ ನಿಂತೆ. ರೋಗಿಗೆ ಆಯಾ ಬೇಕಾದವರು ಅಲ್ಲಿಗೇ ಬರುತ್ತಾರೆ. ಅಥಣಿಯ ಕಡೆಯ ಒಬ್ಬ ಹೆಂಗಸು ಬಂದಳು. ಅತ್ತೆ ಬಿದ್ದು ಸೊಂಟದ ಚಪ್ಪೆ ಮುರಿದುಕೊಂಡಿದ್ದಳಂತೆ.

‘ಓದಾಕ ಬರತೈತೇನವ್ವಾ? ಗುಳಿಗಿ ಚೀಟಿ ಅದಾವ.’

‘ಇಲ್ಲ,’ ಎಂದೆ. ‘ಬರದ ಕೊಡಬ್ಯಾಡ. ಬಾಯಿಲೆ ಹೇಳು, ಎರಡ ಸಲ ಹೇಳು. ನಾ ತಿರಗಿ ಹೇಳ್ತೇನಿ, ಕೇಳು.’

ಅವಳು ಬಾ ಎಂದಳು. ಮುದುಕಿಯ ಹಾಸಿಗೆ ಒದ್ದೆಯಾಗಿತ್ತು. ಮೊದಲು ಅದನ್ನು ಬದಲಿಸಿದೆ.